ಕುಪ್ಪಗಡ್ಡೆ ಗೌರಮ್ಮನ ಹನ್ನೊಂದು ಸ್ಯಾಂಪಲ್

ನಾನು ಡಿಗ್ರಿ ಮುಗಿಸೋದು ಸಾಧ್ಯವೇ ಇಲ್ಲ ಅಂತ ಹೇಳಿದವರು ಮೂವರು. ಮೊದಲನೆಯವರು ನಮ್ಮ ದೊಡ್ಡಪ್ಪ. ಶಿಕಾರಿಪುರದ ಸಂತೆಯಿಂದ ಬಂದು ಜಗಲಿ ಮೇಲೆ ಚೀಲ ಇಡುತ್ತಲೇ ಅಂದಿದ್ದರು: "ನಮ್ಮ ಮನೆತನದಾಗೆ ಮೂರು ತಾಸು ಒಂದೇ ಕಡೆ ಕುಂತೋರು ಯಾರೂ ಇಲ್ಲ. ಎತ್ತು ಕುಂತಾವು, ಎಮ್ಮೆ ಕುಂತಾವು, ನಾವು ಕುಂತಿಲ್ಲ. ಇವಳು ಕುಂತ್ಕಂಡು ಪರೀಕ್ಷೆ ಬರೀತಾಳಂತೆ!" ಎರಡನೆಯವರು ಹಿರಿಯ ಲ್ಯಾಬ್ ಟೆಕ್ನಿಷಿಯನ್ ಹಾಲೇಶಪ್ಪನವರು, ನನಗೆ ಕೆಲಸ ಕಲಿಸಿದವರು. "ರಕ್ತ, ಕಫ, ಮೂತ್ರ, ಮಲ. ಈ ನಾಲ್ಕು ಗೊತ್ತಿದ್ರೆ ಸಾಕು ಕಣಮ್ಮ. ಅಶೋಕ ಚಕ್ರವರ್ತಿ ನಮ್ಮ ಕಿಟಕಿಗೆ ಸ್ಯಾಂಪಲ್ ತರಲ್ಲ" ಅಂದರು. ಮೂರನೆಯದು ನನ್ನ ಹೊಟ್ಟೆ. ಮೊದಲಿಬ್ಬರು ಒಂದೊಂದು ಸಲ ಹೇಳಿ ಸುಮ್ಮನಾದರು. ಹೊಟ್ಟೆ ಮಾತ್ರ ಪ್ರತಿ ಪರೀಕ್ಷೆಗೂ ಹೇಳಿತು.

ಹೋದ ವರ್ಷ ನಿವೃತ್ತಿಯಾದೆ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರು, "ನಾಗರತ್ನ ಮೇಡಂ, ಈ ಕೆಲಸ ನಿಜವಾಗಿ ಹೇಗಿರುತ್ತೆ ಅಂತ ಬರೆದಿಡಿ" ಅಂದರು. ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಅನ್ನೋದು ಸೇವಾ ಪುಸ್ತಕದಲ್ಲಿದೆ, ಅದನ್ನಿಲ್ಲಿ ಬರೆಯಲ್ಲ. ಯಾವ ಆಸ್ಪತ್ರೆ ಅಂತಲೂ ಬರೆಯಲ್ಲ. ಶಿಕಾರಿಪುರ, ಸೊರಬ ಎರಡೂ ಕಡೆಯ ಜನರ ಹೊಟ್ಟೆಯೊಳಗಿನ ಸಂಗತಿಯನ್ನು ಮೂವತ್ತು ವರ್ಷದ ಮೇಲೆ ನೋಡಿದ್ದೇನೆ, ಅಷ್ಟು ತಿಳಿದುಕೊಂಡರೆ ಸಾಕು.

ನಾನು ಸೇರಿದಾಗ ಮಲ ತರೋದಕ್ಕೆ ಈಗಿನ ಹಾಗೆ ಚಮಚ ಸಮೇತದ ಪ್ಲಾಸ್ಟಿಕ್ ಡಬ್ಬಿ ಇರಲಿಲ್ಲ. "ಒಂದು ಕಡಲೆಕಾಳಿನಷ್ಟು ತನ್ನಿ" ಅಂತ ಹೇಳಿ ಕಳಿಸುತ್ತಿದ್ದೆವು. ಸರ್ಕಾರಕ್ಕೆ ಅಷ್ಟು ಕಡಿಮೆ ಕೊಡೋದು ನಮ್ಮ ಜನಕ್ಕೆ ಅವಮಾನ. ಬೆಂಕಿಪೊಟ್ಟಣದಲ್ಲಿ ತಂದವರಿದ್ದಾರೆ, ಉಪ್ಪಿನಕಾಯಿ ಬಾಟಲಿಯಲ್ಲಿ ತಂದವರಿದ್ದಾರೆ, ಮುತ್ತುಗದ ಎಲೆಯಲ್ಲಿ ಪ್ರಸಾದದ ಹಾಗೆ ಕಟ್ಟಿ ತಂದವರಿದ್ದಾರೆ. ಒಬ್ಬ ಯಜಮಾನರು ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರನ್ನೇ ಕಿಟಕಿಯಲ್ಲಿಟ್ಟರು. "ಮ್ಯಾಲಿಂದು ಸೋಮವಾರದ್ದು, ನಡುವಿಂದು ನಿನ್ನೇದು, ಕೆಳಗಿಂದು ಇವತ್ತಿಂದು. ಲಗೂ ನೋಡ್ಕಂಡು ಕ್ಯಾರಿಯರ್ ವಾಪಸ್ ಕೊಡ್ರವ್ವ, ಮಗಳ ಮನೀಗೆ ಹೋಳಿಗೆ ಒಯ್ಯಬೇಕು."

ಆಗಿನ ಮೈಕ್ರೋಸ್ಕೋಪಿಗೆ ಬಲ್ಬ್ ಇರಲಿಲ್ಲ, ಕೆಳಗೊಂದು ಕನ್ನಡಿ. ಕಿಟಕಿಯ ಬಿಸಿಲು ಕನ್ನಡಿಗೆ ಬಿದ್ದು ಮೇಲೆ ಬಂದರೆ ಹುಳದ ಮೊಟ್ಟೆ ಕಾಣೋದು. ಮೋಡ ಮುಚ್ಚಿದ ದಿನ ನಮ್ಮ ತಾಲ್ಲೂಕಿನಲ್ಲಿ ಯಾರ ಹೊಟ್ಟೆಯಲ್ಲೂ ಹುಳ ಇರುತ್ತಿರಲಿಲ್ಲ. ಒಂದು ವರ್ಷ ನಮ್ಮ ದೊಡ್ಡ ಡಾಕ್ಟರು, ಆಷಾಢದಲ್ಲಿ ಹುಳದ ಕಾಟ ತಾನಾಗಿಯೇ ಇಳಿಯುತ್ತದೆ, ಇದು ಈ ಭಾಗದ ವಿಶೇಷ ಅಂತ ಜಿಲ್ಲೆಗೆ ಬರೆದೂ ಬಿಟ್ಟಿದ್ದರು.

ಹಾಲೇಶಪ್ಪನವರದ್ದು ಒಂದೇ ಕಾನೂನು: "ಪುಸ್ತಕದಾಗೆ ಇಲ್ಲದ್ದು ಗಾಜಿನ ಮ್ಯಾಲೆ ಇರಬಾರದು." ಪ್ರತಿ ಸ್ಯಾಂಪಲ್ಲಿಗೂ ಹೆಸರು, ಊರು, ವಯಸ್ಸು, ಬಂದ ಹೊತ್ತು ರಿಜಿಸ್ಟರಿನಲ್ಲಿ ಏರಬೇಕು. ಆ ನಂಬರೇ ಗಾಜಿನ ಪಟ್ಟಿ ಮೇಲೂ ಇರಬೇಕು. ಮಧ್ಯಾಹ್ನ ಅಟೆಂಡರ್ ರುದ್ರಪ್ಪ ಆ ರಿಜಿಸ್ಟರನ್ನೇ ಎತ್ತಿಕೊಂಡು ಹೋಗಿ ವರಾಂಡದಲ್ಲಿ ನಿಂತು ಕೂಗೋದು ಪದ್ಧತಿ. ಅವನಿಗೆ ಗುಟ್ಟು ಅನ್ನೋ ಪದವೇ ಗೊತ್ತಿರಲಿಲ್ಲ. "ಮಲ ಪರೀಕ್ಷೆ! ಸಿದ್ಲಿಂಗಪ್ಪ! ಕೊಕ್ಕೆಹುಳ!" ಸಿದ್ಲಿಂಗಪ್ಪನ ಬೀಗರು ಅದೇ ಬೆಂಚಿನಲ್ಲಿ ಕೂತಿರುತ್ತಿದ್ದರು.

ಏನೂ ಕಾಣದಿದ್ದರೆ "ನಾರ್ಮಲ್" ಅಂತ ಬರೆಯುತ್ತಿದ್ದೆ, ರುದ್ರಪ್ಪ "ಏನೂ ಇಲ್ಲ!" ಅಂತ ಕೂಗುತ್ತಿದ್ದ. ಜನ ಖುಷಿಯಾಗಿ ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. ಈಸೂರಿನಿಂದ ಬರುತ್ತಿದ್ದ ಬಸವಣ್ಯಪ್ಪ ಅನ್ನೋ ರೈತರೊಬ್ಬರು ಮಾತ್ರ ಪ್ರತಿ ಸಲವೂ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಕಿಟಕಿಯೊಳಗೆ ತಲೆ ತೂರಿಸಿ ಪಿಸುಗುಟ್ಟಿದರು: "ಅವ್ವಾರೆ, ಇದು ಆರನೇ ನಾರ್ಮಲ್ಲು. ಹೊಲದಾಗೆ ಎತ್ತು ಕಟ್ಟಿ ಗಳೇ ಹೊಡೆಯೋವಾಗ ಹೊಟ್ಟೆ ಹಿಡ್ಕಂಡು ಬದುವಿಗೆ ಓಡ್ತೀನಿ. ನಮ್ಮನೆಯಾಕಿ ಕೆಲ್ಸಗಳ್ಳ ಅಂತಾಳೆ. ಏನಾರ ಬರ್ದು ಕೊಡ್ರಿ. ದೊಡ್ಡದು ಬ್ಯಾಡ. ಸಣ್ಣದೊಂದು ಹುಳ ಬರ್ದು ಕೊಡ್ರಿ ಸಾಕು."

"ಇಲ್ಲದ ಹುಳ ಹೆಂಗೆ ಬರೀಲಿ ಯಜಮಾನ್ರೇ? ನಿಮಗೇನೂ ಇಲ್ಲ, ಹೋಗಿ."

ಹೀಗಂದವಳ ಹೊಟ್ಟೆಯೂ ಆ ಹೊತ್ತಿಗೆ ವರ್ಷಗಳಿಂದ ಬಸವಣ್ಯಪ್ಪನವರ ಹೊಟ್ಟೆಯ ಹಾಗೇ ಆಡುತ್ತಿತ್ತು. ಹೊಕ್ಕಳ ಕೆಳಗೆ ಹಿಂಡೋದು, ಓಡೋದು, ಹೋಗಿ ಬಂದ ಮೇಲೆ ಅರ್ಧ ಗಂಟೆ ಸುಖ, ಮತ್ತೆ ಹಿಂಡೋದು. ಕೆಲವು ವಾರ ನೀರು, ಕೆಲವು ವಾರ ಕಲ್ಲು. ಯಾರಿಗೂ ಹೇಳಿರಲಿಲ್ಲ. ದಿನವಿಡೀ ಊರಿನವರ ಮಲ ನೋಡುವವಳು ತನ್ನದರ ಬಗ್ಗೆ ಮಾತಾಡಿದರೆ ಮನೆಯಲ್ಲಿ ಅನ್ನ ಇಳಿಯುತ್ತದೆಯೇ?

ಅದೇ ಹೊಟ್ಟೆ ಇಟ್ಟುಕೊಂಡು ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದೆ. ನಮ್ಮ ಕಡೆ ಡಿಗ್ರಿ ಅಂದರೆ ಏನು ಅಂತ ಈಗಿನವರಿಗೆ ಗೊತ್ತಾಗಲ್ಲ. ನಮ್ಮಪ್ಪ ಹೆಬ್ಬೆಟ್ಟು, ಅವ್ವ ಹೆಬ್ಬೆಟ್ಟು. ನಾನು ಪಿಯುಸಿ ಆದಮೇಲೆ ಲ್ಯಾಬ್ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದವಳು. ಹೆಸರಿನ ಮುಂದೆ ಎರಡಕ್ಷರ ಬೇಕು ಅನ್ನೋದು ಹೊಟ್ಟೆನೋವಿಗಿಂತ ಹಳೆಯ ನೋವು. ಇತಿಹಾಸ, ಕನ್ನಡ ಹೇಗೋ ಮುಗಿಸಿದೆ. ಅರ್ಥಶಾಸ್ತ್ರದ ಒಂದು ಪೇಪರ್ ಉಳಿದುಹೋಯಿತು. ಮೂರು ತಾಸಿನಲ್ಲಿ ಒಂದು ತಾಸು ಮಾತ್ರ ನಾನು ಹಾಲಿನಲ್ಲಿ ಇರುತ್ತಿದ್ದೆ. ಒಮ್ಮೆ ಎದ್ದು ಹೋದರೆ ತಿರುಗಿ ಬರೋ ಧೈರ್ಯ ಆಗುತ್ತಿರಲಿಲ್ಲ, ಎಲ್ಲರೂ ನೋಡುತ್ತಾರೆ ಅಂತ ಹಾಗೇ ಬಸ್ ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದೆ.

ಎರಡನೇ ಸಲ ಕೂತಾಗ ಸ್ಕ್ವಾಡಿನವರು ಬಂದಿದ್ದರು. ನಾನು ಎದ್ದು ಓಡಿದ್ದು ನೋಡಿ, ಚೀಟಿ ಬಚ್ಚಿಟ್ಟಿದ್ದಾಳೆ ಅಂತ ತೀರ್ಮಾನಿಸಿ ಪಾಯಿಖಾನೆಯನ್ನೇ ಶೋಧಿಸಿದರು. ಕಿಟಕಿಯ ಸಂದಿಯಲ್ಲಿ ಆರು ಚೀಟಿ ಸಿಕ್ಕವು, ಆರೂ ಸಮಾಜಶಾಸ್ತ್ರದ್ದು. ಸ್ಕ್ವಾಡಿನ ಸಾಹೇಬರು ಚೀಟಿ ಹಿಡಿದು ಕೇಳಿದರು: "ನಿಮ್ಮದು ಯಾವ ಪೇಪರಮ್ಮ?"

"ಅರ್ಥಶಾಸ್ತ್ರ ಸಾರ್."

"ಮತ್ತೆ ಇದನ್ನ ಯಾಕೆ ಇಟ್ಕಂಡಿದ್ರಿ?"

ಅವರನ್ನು ತಳ್ಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಮೂರನೇ ಸಲದ್ದು ನಮ್ಮ ಅತ್ತೆಯ ಕೃಪೆ. ಅತ್ತೆ ಸೊರಬದ ಕಡೆಯವರು. ಓದಿದವರಲ್ಲ, ಆದರೆ ಅವರ ಕಣ್ಣು ತಪ್ಪಿಸೋದು ಸಾಧ್ಯವಿಲ್ಲ. ನನ್ನ ಓಟ ನೋಡಿ, "ನಿಂಗೆ ಬಟ್ಟಿ ಬಿದ್ದದೆ ಕಣೆ. ಅದಕ್ಕೆ ನಿಂದು ನಿಲ್ತಿಲ್ಲ" ಅಂದರು. ಭಾರ ಎತ್ತಿದರೆ ಹೊಕ್ಕಳೊಳಗಿನ ಬಟ್ಟಿ ಜಾರುತ್ತೆ, ಅದನ್ನು ಜಾಗಕ್ಕೆ ತರಬೇಕು ಅನ್ನೋದು ನಮ್ಮ ಕಡೆಯ ನಂಬಿಕೆ. ಪರೀಕ್ಷೆಯ ದಿನ ಬೆಳಿಗ್ಗೆಯೇ ಬಟ್ಟಿ ತಿಕ್ಕುವ ಅಜ್ಜಿಯನ್ನು ಕರೆಸಿದರು. ಅಜ್ಜಿ ನನ್ನ ಹೊಕ್ಕಳ ಮೇಲೆ ಹಿಟ್ಟಿನ ಹಣತೆ ಇಟ್ಟು, ದೀಪ ಹಚ್ಚಿ, ಮೇಲೆ ತಂಬಿಗೆ ಬೋರಲು ಹಾಕಿದರು. ದೀಪ ಆರಿತು. ತಂಬಿಗೆ ಜಗ್ಗಿ ಹಿಡಿಯಿತು. "ಹಿಡೀತು ನೋಡು, ಒಳ್ಳೆ ಲಕ್ಷಣ" ಅಂತ ಹೇಳಿ ಅಜ್ಜಿ ಪಕ್ಕದ ಮನೆಗೆ ಕಾಫಿಗೆ ಹೋದರು.

ಹೋದವರು ಬರಲಿಲ್ಲ. ತಂಬಿಗೆಯೂ ಬರಲಿಲ್ಲ. ಅತ್ತೆ ಎಳೆದರು. ನಮ್ಮನೆಯವರು ಎಳೆದರು. ತಂಬಿಗೆಯ ಜೊತೆ ನಾನೇ ಮೇಲೆದ್ದೆ. "ಸೀರೆ ಮುಚ್ಕಂಡು ಹಂಗೇ ಬಸ್ಸು ಹತ್ತೇ, ಬಸುರಿ ಅಂತ ಸೀಟಾದ್ರೂ ಬಿಡ್ತಾರೆ" ಅಂದರು ಅತ್ತೆ, ತಮಾಷೆಗಲ್ಲ. ಅಜ್ಜಿ ಬಂದು ಅಂಚಿನಲ್ಲಿ ಬೆರಳಿಟ್ಟು ಒತ್ತಿದರು, ಟಪ್ ಅಂತ ಬಿಟ್ಟಿತು. ಅಷ್ಟರಲ್ಲಿ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗೋ ಬಸ್ಸು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಹೊಕ್ಕಳ ಸುತ್ತ ಹದಿನೈದು ದಿನ ಚಂದ್ರನ ಹಾಗೆ ಗುರುತಿತ್ತು.

ನೋಂದಣಿಯ ಅವಧಿಯೊಳಗೆ ಮುಗಿಸದಿದ್ದರೆ ಎಲ್ಲ ರದ್ದು, ಪಾಸಾದ ಪೇಪರೂ ಲೆಕ್ಕಕ್ಕಿಲ್ಲ ಅಂತ ನಿಯಮವಿತ್ತು. ನನಗೆ ಉಳಿದದ್ದು ಒಂದೇ ಪರೀಕ್ಷೆ. ಅದೂ ಹೋದರೆ ಮತ್ತೆ ಮೊದಲಿಂದ ಬಿ.ಎ. ಕಟ್ಟುವ ವಯಸ್ಸಲ್ಲ ನನ್ನದು. ಆಗ ನನಗೆ ಹೊಳೆದದ್ದು, ಹುಳ ಇದ್ದರೆ ನಾನೇ ಹುಡುಕುತ್ತೇನೆ ಅಂತ. ಕೈಯಲ್ಲಿ ಮೈಕ್ರೋಸ್ಕೋಪ್ ಇದೆ. ಅಷ್ಟೊತ್ತಿಗೆ ಅದಕ್ಕೆ ಬಲ್ಬೂ ಬಂದಿತ್ತು.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬರೆಯಬೇಕು. ಬೇರೆಯವಳಾಗಿದ್ದರೆ ಯಾರೂ ಇಲ್ಲದಾಗ ನೋಡಿ, ಒರೆಸಿ ಎಸೆಯುತ್ತಿದ್ದಳು. ನನಗೆ ಹಾಲೇಶಪ್ಪನವರ ಪಾಠ ಆಗಿತ್ತಲ್ಲ, ಪುಸ್ತಕದಲ್ಲಿ ಇಲ್ಲದ್ದು ಗಾಜಿನ ಮೇಲೆ ಇರಬಾರದು. ನನ್ನ ಹೆಸರು ಬರೆದರೆ ಮಧ್ಯಾಹ್ನ ರುದ್ರಪ್ಪ ಕೂಗುತ್ತಾನೆ. ಹಾಗಾಗಿ ಪ್ರಾಮಾಣಿಕವಾಗಿ ಒಂದು ಸುಳ್ಳು ಹೆಸರು ಬರೆದೆ: ಗೌರಮ್ಮ, ಮೂವತ್ತಾರು ವರ್ಷ, ಕುಪ್ಪಗಡ್ಡೆ. ಅಲ್ಲಿ ನನಗೆ ಯಾರೂ ನೆಂಟರಿಲ್ಲ, ಅದೇ ಕಾರಣಕ್ಕೆ ಆ ಊರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಒಂದೊಂದಾಗಿ ನೋಡಿದೆ. ಒಂದೂವರೆ ತಿಂಗಳಲ್ಲಿ ಹನ್ನೊಂದು. ಹನ್ನೊಂದೂ ನಾರ್ಮಲ್. ಮಧ್ಯಾಹ್ನ ರುದ್ರಪ್ಪ "ಗೌರಮ್ಮ! ಏನೂ ಇಲ್ಲ!" ಅಂತ ಕೂಗುವಾಗ ಖಾಲಿ ವರಾಂಡ ನೋಡಿ, "ಈ ಹೆಂಗಸು ಕೊಡೋಕೆ ಬರ್ತಾಳೆ, ಕೇಳೋಕೆ ಬರಲ್ಲ" ಅಂತ ಬೈಯುತ್ತಿದ್ದ.

ತಿಂಗಳ ವರದಿ ಬರೆಯಲು ರಿಜಿಸ್ಟರ್ ತರಿಸಿಕೊಂಡ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಇದು? ಒಬ್ಬಳೇ ಹೆಂಗಸು ಹನ್ನೊಂದು ಸಲ! ಊರಲ್ಲಿ ಇನ್ನೆಷ್ಟು ಜನ ಇದ್ದಾರೋ!" ನಮ್ಮ ಸೊರಬದ ಕಡೆಯ ಅಧಿಕಾರಿಗಳಿಗೆ ಒಂದು ಭಯ ಯಾವಾಗಲೂ ಇರುತ್ತೆ. ಕ್ಯಾಸನೂರು ಅನ್ನೋ ಸಣ್ಣ ಊರಿನ ಹೆಸರು ಮಂಗನ ಕಾಯಿಲೆಗೆ ಅಂಟಿ ಜಗತ್ತೆಲ್ಲ ಸುತ್ತಿದ್ದು ಅವರಿಗೆ ಮರೆತಿಲ್ಲ. "ನಾಳೆ ಕುಪ್ಪಗಡ್ಡೆ ಭೇದಿ ಅಂತ ಪುಸ್ತಕದಲ್ಲಿ ಬಂದ್ರೆ ನಮ್ಮ ಗತಿ ಏನ್ರೀ? ಜೀಪ್ ತೆಗೀರಿ! ನಾಗರತ್ನ, ನೀವೂ ಹೋಗಿ. ಆ ಗೌರಮ್ಮನ್ನ ಮುಖ ನೋಡಿ ಗುರುತು ಹಿಡಿಯೋರು ನೀವೊಬ್ಬರೇ."

ಹಾಗಾಗಿ ನಾನು ನನ್ನನ್ನು ಹುಡುಕಿಕೊಂಡು ಜೀಪಿನಲ್ಲಿ ಕುಪ್ಪಗಡ್ಡೆಗೆ ಹೋದೆ. ಮುಂದಿನ ಸೀಟಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಮಂಜಪ್ಪ, ಹಿಂದೆ ಬ್ಲೀಚಿಂಗ್ ಪೌಡರಿನ ಚೀಲ, ಚೀಲದ ಪಕ್ಕ ನಾನು. ದಾರಿಯಲ್ಲೇ ನನ್ನ ಹೊಟ್ಟೆ ಹಿಂಡತೊಡಗಿತು. ಎರಡು ಕಡೆ ಜೀಪ್ ನಿಲ್ಲಿಸಬೇಕಾಯಿತು. ಮಂಜಪ್ಪ ಗಾಬರಿಯಾಗಿ, "ಮೇಡಂ, ನಿಮಗೂ ಹತ್ತಿಕೊಂಡಂಗೆ ಐತಲ್ರೀ" ಅಂದ.

ಊರಿನಲ್ಲಿ ನಾಲ್ವರು ಗೌರಮ್ಮರು ಸಿಕ್ಕರು. ಮೊದಲನೆಯ ಅಜ್ಜಿಗೆ ಎಂಬತ್ತು. ಮಂಜಪ್ಪ ಭೇದಿಯ ವಿಷಯ ಎತ್ತಿದ್ದೇ ತಡ, ಕೋಲು ಊರಿಕೊಂಡು ಎದ್ದು ನಿಂತರು. "ಭೇದಿಯಾ? ನಂಗೆ ಆಗ್ದೆ ನಾಕು ದಿನ ಆತು ಮಾರಾಯ. ನಿಮ್ಮತ್ರ ಭೇದಿ ಇದ್ರೆ ಸ್ವಲ್ಪ ಕೊಟ್ಟು ಹೋಗಿ." ಎರಡನೆಯವರು ತವರಿಗೆ ಹೋಗಿದ್ದರು. ಮೂರನೆಯವರ ಗಂಡ, "ನಮ್ಮನೆ ಹೆಂಗಸಿನ ಹೆಸ್ರು ಸರ್ಕಾರಿ ಪುಸ್ತಕಕ್ಕೆ ಹೆಂಗೆ ಹೋತು?" ಅಂತ ಜಗಳಕ್ಕೆ ನಿಂತ. ನಾಲ್ಕನೆಯವಳಿಗೆ ಮೂವತ್ತೂ ಆಗಿರಲಿಲ್ಲ. ಮುಖ ಬಿಳಿಚಿ ಸುಣ್ಣದ ಗೋಡೆಯ ಹಾಗಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. "ಹಂಗೇ ಇರ್ತದೆ ಅಕ್ಕಾ, ಕೆಲ್ಸ ಜಾಸ್ತಿ" ಅಂದಳು. ಸ್ಯಾಂಪಲ್ ತಂದು ನೋಡಿದರೆ ಗಾಜಿನ ತುಂಬ ಕೊಕ್ಕೆಹುಳದ ಮೊಟ್ಟೆ, ಹಿಮೋಗ್ಲೋಬಿನ್ ಆರು. ಔಷಧಿ, ಕಬ್ಬಿಣದ ಮಾತ್ರೆ ಕೊಟ್ಟು ಮೂರು ತಿಂಗಳಲ್ಲಿ ಅವಳು ಮನುಷ್ಯಳಾದಳು. ದೊಡ್ಡ ಡಾಕ್ಟರಿಗೆ ಗೌರಮ್ಮ ಸಿಕ್ಕಳು ಅಂತ ಸಮಾಧಾನವಾಯಿತು. ಹನ್ನೊಂದು ಸಲ ಸಿಗದ ಹುಳ ಹನ್ನೆರಡನೇ ಸಲಕ್ಕೆ ಹೇಗೆ ಸಿಕ್ಕಿತು ಅಂತ ಅವರು ಕೇಳಲಿಲ್ಲ.

ಕೇಳಿದವರು ಶೈಲಾ ಮೇಡಂ. ಹೊಸದಾಗಿ ಬಂದ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒಂದು ದಿನ ರಿಜಿಸ್ಟರ್ ಹಿಡಿದುಕೊಂಡು ಬನ್ನಿ ಅಂತ ಹೇಳಿ ಕಳಿಸಿದರು. ನಾನು ಒಳಗೆ ಹೋದ ಮೇಲೆ ಬಾಗಿಲು ಹಾಕಿ, ಕುರ್ಚಿ ತೋರಿಸಿ ಅಂದರು:

"ಕೂತ್ಕೊಳ್ಳಿ, ಗೌರಮ್ಮ."

ಅವರು ಪುಟ ತಿರುಗಿಸಿದರು. "ಕಿಟಕಿ ತೆಗೆಯೋದು ಒಂಬತ್ತಕ್ಕೆ. ಈ ಸ್ಯಾಂಪಲ್ಲೆಲ್ಲ ಬಂದಿರೋದು ಎಂಟಕ್ಕೆ. ಅಷ್ಟೊತ್ತಿಗೆ ಬೀಗ ತೆಗೆಯೋರು ನೀವೊಬ್ಬರೇ. ಎಷ್ಟು ವರ್ಷದಿಂದ ಹೀಗಿದೆ?"

ಹನ್ನೆರಡು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ನಾನು ಅತ್ತುಬಿಟ್ಟೆ. ಆಮೇಲೆ ಅವರು ಒಂದೊಂದೇ ಕೇಳಿದರು. ನೋವು ವಾರಕ್ಕೆ ಒಂದು ದಿನವಾದರೂ ಬರುತ್ತಾ? ಹೋಗಿ ಬಂದರೆ ಕಡಿಮೆಯಾಗುತ್ತಾ? ನೋವು ಬಂದಾಗ ಎಷ್ಟು ಸಲ ಹೋಗ್ತೀರಿ ಅನ್ನೋದು ಬದಲಾಗುತ್ತಾ, ಗಟ್ಟಿ ತೆಳು ಬದಲಾಗುತ್ತಾ? ಎಲ್ಲಕ್ಕೂ ಹೌದು ಅಂದೆ. ಆಮೇಲೆ, "ಈಗ ಕೇಳೋದಕ್ಕೆ ಇಲ್ಲ ಅಂತ ಉತ್ತರ ಬಂದರೆ ನನಗೆ ಖುಷಿ" ಅಂದರು. ರಕ್ತ ಹೋಗುತ್ತಾ? ತೂಕ ಇಳಿದಿದೆಯಾ? ಜ್ವರ? ನಿದ್ದೆಯಿಂದ ಎಬ್ಬಿಸಿ ಓಡಿಸುತ್ತಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ಎಲ್ಲಕ್ಕೂ ಇಲ್ಲ.

"ರಕ್ತ ಕೊಡಿ. ನಿಮ್ಮ ಹೆಸರಲ್ಲೇ ಕೊಡಿ. ರಕ್ತಹೀನತೆ ಇದೆಯಾ, ಥೈರಾಯ್ಡ್ ಹೇಗಿದೆ, ಒಳಗೆ ಉರಿಯೂತ ಇದೆಯಾ, ಗೋಧಿ ಒಗ್ಗದ ಕಾಯಿಲೆ ಇದೆಯಾ, ಅಷ್ಟು ನೋಡೋಣ. ಅದೂ ನಾರ್ಮಲ್ ಬಂದರೆ ಕಾಯಿಲೆಯ ಹೆಸರು ಹೇಳ್ತೀನಿ."

"ನಾರ್ಮಲ್ ಬಂದರೆ ಕಾಯಿಲೆ ಎಲ್ಲಿಂದ ಬರುತ್ತೆ ಮೇಡಂ?"

ಅವರು ನಕ್ಕರು. "ನಿಮ್ಮ ಮನೇಲಿ ನಾಯಿ ಇದೆಯಾ? ಕಳ್ಳ ಬಂದಾಗ ಬೊಗಳುತ್ತೆ. ಕೆಲವು ನಾಯಿ ಎಲೆ ಉದುರಿದರೂ ಬೊಗಳುತ್ತೆ. ನೀವು ಹನ್ನೊಂದು ಸಲ ಟಾರ್ಚ್ ಹಿಡಿದು ಕಳ್ಳನನ್ನ ಹುಡುಕಿದ್ದೀರಿ. ಕಳ್ಳ ಇಲ್ಲ. ಆದರೆ ಬೊಗಳೋದು ಸುಳ್ಳಲ್ಲ, ಮನೆಯವರ ನಿದ್ದೆ ಕೆಡೋದೂ ಸುಳ್ಳಲ್ಲ. ಕರುಳಿಗೂ ಮಿದುಳಿಗೂ ನಡುವೆ ಓಡಾಡೋ ಸುದ್ದಿ ಹೀಗೆ ಅತಿ ಚುರುಕಾದರೆ ಇರಿಟೇಬಲ್ ಬವೆಲ್ ಸಿಂಡ್ರೋಮ್ ಅಂತೀವಿ, ಐ.ಬಿ.ಎಸ್. ಇದಕ್ಕೆ ಅಂತ ಒಂದು ಟೆಸ್ಟ್ ಇಲ್ಲ. ರೋಗಿ ಹೇಳೋ ಮಾತೇ ಟೆಸ್ಟ್. ಅದನ್ನ ಸರಿಯಾಗಿ ಕೇಳಿ, ಬೇರೆ ಕಾಯಿಲೆಯ ಗುರುತು ಇಲ್ಲ ಅಂತ ನೋಡಿಕೊಂಡರೆ ಹೆಸರು ಹಿಡೀಬಹುದು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ ಮಾತ್ರ ಇನ್ನೂ ಒಳಗೆ ನೋಡಬೇಕಾಗುತ್ತೆ."

ರಕ್ತವೂ ನಾರ್ಮಲ್ ಬಂತು, ನನ್ನ ಕಾಯಿಲೆಗೆ ಆ ಹೆಸರೇ ನಿಂತಿತು. ಹುಡುಗಿಯರೇ, ನೀವು ಯೋಚನೆ ಮಾಡಿ. ನಾರ್ಮಲ್ ಅಂತ ಬರೆಯೋದೇ ನನ್ನ ಅರ್ಧ ಉದ್ಯೋಗ. ನಾನು ಎಷ್ಟು ಜನರಿಗೆ ಆ ಚೀಟಿ ಕೊಟ್ಟು "ನಿಮಗೇನೂ ಇಲ್ಲ, ಹೋಗಿ" ಅಂದಿದ್ದೇನೆ! ಗಾಜಿನ ಮೇಲೆ ಏನೂ ಕಾಣಲಿಲ್ಲ ಅನ್ನೋದಷ್ಟೇ ನಾನು ಹೇಳಬಹುದಾಗಿದ್ದ ಮಾತು. ನಿಮಗೇನೂ ಇಲ್ಲ ಅನ್ನೋಕೆ ನಾನ್ಯಾರು? ಮುಂದೆ ಬಸವಣ್ಯಪ್ಪನವರು ಏಳನೇ ಸಲ ಬಂದಾಗ ಕಿಟಕಿ ಬಿಟ್ಟು ಹೊರಗೆ ಬಂದು, ಕೈ ಹಿಡಿದುಕೊಂಡು ಶೈಲಾ ಮೇಡಂ ಹತ್ತಿರ ಕರೆದೊಯ್ದೆ. ಅವರನ್ನೂ ಹಾಗೇ ಕೇಳಿದರು, ಹಾಗೇ ನೋಡಿದರು, ಅದೇ ಹೆಸರು ಬಂತು. "ಬರ್ದು ಕೊಡ್ರಿ" ಅಂದರು ಬಸವಣ್ಯಪ್ಪ. ಮೇಡಂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟರು. ಆ ಚೀಟಿಗೆ ಅವರು ಲ್ಯಾಮಿನೇಶನ್ ಮಾಡಿಸಿ, ಹೆಂಡತಿ ಅಡುಗೆ ಮಾಡುವಾಗ ಎದುರಿಗೇ ಕಾಣೋ ಹಾಗೆ ಗೋಡೆಗೆ ಹೊಡೆದರಂತೆ.

ನಾನು ದೊಡ್ಡ ಡಾಕ್ಟರಿಗೂ ಸತ್ಯ ಹೇಳಿದೆ. ಅವರು ಕಾರಣ ಕೇಳಿ ನೋಟಿಸ್ ಕೊಟ್ಟರು: "ಸದರಿ ಗೌರಮ್ಮ ಎಂಬುವವರು ತಾವೇ ಆಗಿದ್ದಲ್ಲಿ, ತಮ್ಮನ್ನು ಪತ್ತೆಹಚ್ಚಲು ತಾವೇ ಜೀಪಿನಲ್ಲಿ ತೆರಳಿದ್ದು ಏಕೆಂದು ಮೂರು ದಿನದೊಳಗೆ ತಿಳಿಸತಕ್ಕದ್ದು." "ಮೇಲಧಿಕಾರಿಗಳ ಆದೇಶದ ಮೇರೆಗೆ" ಅಂತ ಬರೆದು ಕೊಟ್ಟೆ. ಅದು ನಿಜವೇ ಆಗಿತ್ತು, ಹಾಗಾಗಿ ಕಡತ ಅಲ್ಲಿಗೇ ಮುಚ್ಚಿತು.

ಪರೀಕ್ಷೆಗೆ ಎರಡು ತಿಂಗಳಿತ್ತು. ಶೈಲಾ ಮೇಡಂ ಒಂದು ಮಾತ್ರೆ, ರಾತ್ರಿ ನೀರಲ್ಲಿ ಕದಡಿ ಕುಡಿಯೋದಕ್ಕೆ ಇಸಬ್‌ಗೋಲು, ಮತ್ತೆ ಒಂದು ದಿನಚರಿ ಪುಸ್ತಕ ಕೊಟ್ಟರು. ಏನು ತಿಂದೆ, ಯಾವಾಗ ನೋವು, ಯಾವ ಆಕಾರ, ಎಲ್ಲ ಬರೆಯಬೇಕು. ಆಕಾರಕ್ಕೆ ಏಳು ಚಿತ್ರ ಇದ್ದ ಹಾಳೆಯೊಂದನ್ನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೆ. ಬೇರೆ ಜಾಗ ಹೊಳೆಯಲಿಲ್ಲ. ಅತ್ತೆ ಅದನ್ನು ಹತ್ತಿರದಿಂದ, ದೂರದಿಂದ ನೋಡಿ ಕೇಳಿದರು: "ಎಂತ ತಿಂಡಿಯೇ ಇದು? ಒಂದನೇದು ಉಂಡೆ. ಮೂರನೇದು ಕೋಡುಬಳೆ ಹಿಟ್ಟಿದ್ದಂಗೆ ಅದೆ. ಕೊನೇದು ಕೆಟ್ಟೋಗದೆ, ನೀರು ಜಾಸ್ತಿ ಆತು."

ವಿಷಯ ಹೇಳಿದೆ. ಅತ್ತೆ ಎರಡೂ ತುದಿಯಿಂದ ಎಣಿಸಿ ನಡುವಿನ ಚಿತ್ರಕ್ಕೆ ಬೆರಳಿಟ್ಟು, "ಹಂಗಾದ್ರೆ ನಾಕನೇದು ಬಂದ್ರೆ ಪಾಸು" ಅಂದರು. ಅಲ್ಲಿಂದ ಮುಂದೆ ನಾನು ಬಚ್ಚಲ ಕಡೆಯಿಂದ ಬಂದಾಗಲೆಲ್ಲ ಹಿತ್ತಲಿನಿಂದ ಕೂಗು: "ಎಷ್ಟನೇದೇ?" ನಮ್ಮನೆಯವರು ಊಟ ಮಾಡುತ್ತಿದ್ದರೆ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದರು. ಆದರೆ ಒಂದು ಹೇಳಬೇಕು. ಖಾಲಿ ಹೊಟ್ಟೆಗೆ ಎರಡು ಲೋಟ ಚಾ ಕುಡಿದ ದಿನ, ಊಟ ಬಿಟ್ಟ ದಿನ, ದೊಡ್ಡಪ್ಪ ಬಂದು ಹೋದ ದಿನ ಹೊಟ್ಟೆ ಕೆಡುತ್ತದೆ ಅಂತ ಲೆಕ್ಕ ಹಿಡಿದದ್ದು ಅತ್ತೆಯೇ. ನಾನು ಬರೆದಿದ್ದೆ ಅಷ್ಟೆ, ಓದಿರಲಿಲ್ಲ. ಓದಲು ಬಾರದ ಅವರು ಓದಿದ್ದರು.

ಪರೀಕ್ಷೆಯ ದಿನ ಶೈಲಾ ಮೇಡಂ ಬರೆದ ಪತ್ರ ಕೊಟ್ಟೆ. ಈ ಅಭ್ಯರ್ಥಿಗೆ ಐ.ಬಿ.ಎಸ್. ಅನ್ನೋ ಹೊಟ್ಟೆಯ ಕಾಯಿಲೆ ಇದೆ, ನಡುವೆ ಹೊರಗೆ ಹೋಗಿ ಬರಬಹುದು, ತಡೆಯಬಾರದು ಅಂತ. ಬಾಗಿಲ ಪಕ್ಕದ ಬೆಂಚು ಕೊಟ್ಟರು, ಕಾವಲಿಗೆ ಒಬ್ಬ ಮಹಿಳಾ ಮೇಲ್ವಿಚಾರಕಿ. ಮೊದಲ ಅರ್ಧ ಗಂಟೆಗೇ ಹೊಟ್ಟೆ ಹಿಂಡಿತು. ಎದ್ದೆ. ಆಕೆಯೂ ಹಿಂದೆ ಬಂದರು. ನಾನು ಹೊರಗೆ ಬಂದಾಗ ಸುತ್ತ ನೋಡಿ ಪಿಸುಗುಟ್ಟಿದರು: "ಮೇಡಂ, ಆ ಕಾಗದದಾಗೆ ಬರ್ದಿದ್ರಲ್ಲ, ಅದು ನಂಗೂ ಐತೆ ಅ‌ನ್ನಿಸ್ತೈತ್ರೀ. ಎಂಟು ವರ್ಷ ಆತು. ನೀವು ಏನ್ ಮಾತ್ರೆ ತಗಂತೀರಿ?"

"ರಕ್ತ ಹೋಗುತ್ತೇನ್ರೀ?"

"ಇಲ್ರೀ."

"ತೂಕ ಇಳ್ದಿದೆಯಾ?"

"ಎಲ್ಲಿಂದ ಇಳೀಬೇಕ್ರೀ!"

"ಡಾಕ್ಟರ್ ಹತ್ರ ಹೋಗ್ರಿ. ಮಾತ್ರೆ ನಾನು ಹೇಳಂಗಿಲ್ಲ. ಈಗ ನನ್ನ ಒಳಗೆ ಬಿಡ್ರಿ, ಬೇಡಿಕೆ ಪೂರೈಕೆ ಅರ್ಧಕ್ಕೆ ನಿಂತದೆ."

ತಿರುಗಿ ಬಂದು ಕೂತೆ. ಅದುವರೆಗೆ ಒಮ್ಮೆಯೂ ತಿರುಗಿ ಬಂದವಳಲ್ಲ. ಎಲ್ಲರೂ ನೋಡಿದರು. ನೋಡಲಿ, ಕಾಯಿಲೆಗೆ ಹೆಸರಿದೆ. ಎರಡನೇ ಸಲ ನಾನು ಎದ್ದಾಗ ಆಕೆ ನನಗಿಂತ ಮುಂಚೆ ಓಡಿದರು, ನಾನೇ ಹೊರಗೆ ನಿಂತು ಕಾದೆ. ಯಾರು ಯಾರನ್ನು ಕಾಯುತ್ತಿದ್ದಾರೆ ಅಂತ ಸೂಪರಿಂಟೆಂಡೆಂಟರಿಗೆ ತಿಳಿಯದೆ ಇಬ್ಬರನ್ನೂ ಗದರಿಸಿ ಒಳಗೆ ಕಳಿಸಿದರು. ಕೊನೆಯ ಗಂಟೆ ಹೊಡೆದಾಗ ನಾನು ಬೆಂಚಿನಲ್ಲೇ ಇದ್ದೆ, ಹಣದುಬ್ಬರದ ಕೊನೆಯ ಸಾಲು ಬರೆಯುತ್ತಿದ್ದೆ. ಉತ್ತರಪತ್ರಿಕೆ ಕೈಯಿಂದ ಕಿತ್ತುಕೊಳ್ಳಬೇಕಾಯಿತು.

ಮೂವತ್ತೆಂಟು ಅಂಕ ಬಂತು. ಮೂವತ್ತೈದಕ್ಕೆ ಪಾಸು. ಮೂರು ಹೆಚ್ಚು.

ಪದವಿ ಪ್ರಮಾಣಪತ್ರ ತರಲು ಶಿವಮೊಗ್ಗಕ್ಕೆ ಹೊರಟಾಗ ಅತ್ತೆ, ನಾನೂ ಬರ್ತೀನಿ ಅಂತ ಹೊಸ ಸೀರೆ ಉಟ್ಟು ನಿಂತಿದ್ದರು. ಅಧ್ಯಯನ ಕೇಂದ್ರದ ಗುಮಾಸ್ತರು ಕಟ್ಟಿನಿಂದ ಹುಡುಕಿ ತೆಗೆದು, ಎರಡು ಕಡೆ ಸಹಿ ಮಾಡಿಸಿಕೊಂಡು, "ತಗೊಳ್ರಿ" ಅಂತ ಕೈಗಿಟ್ಟರು. ನಾನು ಸರಿಯಾಗಿ ನೋಡುವ ಮೊದಲೇ ಅತ್ತೆ ಅದನ್ನು ತಾವೇ ತೆಗೆದುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಸೆರಗು ಹಾಸಿ ಅದರ ಮೇಲಿಟ್ಟುಕೊಂಡರು.

"ಎಂತ ಬರ್ದಾರೆ, ಓದು."

ಓದಿದೆ. ನನ್ನ ಹೆಸರು, ನಮ್ಮಪ್ಪನ ಹೆಸರು, ಕಲಾ ಪದವಿ, ತೇರ್ಗಡೆ.

"ನಿನ್ನ ಹೊಟ್ಟೆ ವಿಷ್ಯ ಎಂತಾರ ಬರ್ದಾರಾ?"

"ಇಲ್ಲ ಅತ್ತೆ. ಇದ್ರಲ್ಲಿ ಅದೆಲ್ಲ ಹಾಕಲ್ಲ."

ಅತ್ತೆ ಕಾಗದವನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು. ಆ ಸೀಲು, ಆ ಸಹಿ ಅವರಿಗೆ ಸಾಲಲಿಲ್ಲ ಅಂತ ಕಾಣುತ್ತದೆ.

"ಹಾಕಿದ್ರೆ ಚಲೋ ಆಗ್ತಿತ್ತು ಕಣೆ. ತಲೆ ಒಂದನ್ನೇ ಇಟ್ಕಂಡು ಪಾಸಾಗೋರು ಊರ್ ತುಂಬ ಅದಾರೆ."